ಮಾವನ ಮರುತ್, ಎಪ್ಪತ್ತೆರಡರಲ್ಲಿ ಒಂದು ಪಾಲು

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಎಚ್‌ಎಫ್-24 ಮರುತ್ ಯುದ್ಧವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಎರಡನ್ನೂ 72ರಿಂದ ಭಾಗಿಸಿದರೆ 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಸೆಂಟಿಮೀಟರ್ ಅಗಲ. ಅಷ್ಟಾದರೆ ಗೋಡೆಯ ಕಪಾಟಿನಲ್ಲಿ ಒಂದು ಮರುತ್ ನಿಲ್ಲುತ್ತದೆ.

ಸ್ಕೇಲ್ ಮಾಡೆಲ್ ಮಾಡುವವರಿಗೆ ಈ 72 ತುಂಬ ಹಳೆಯ ಲೆಕ್ಕ. ಆರು ಅಡಿ ಎಂದರೆ 72 ಇಂಚು, ಆದ್ದರಿಂದ ಈ ಪ್ರಮಾಣದಲ್ಲಿ ಆರಡಿಯ ಆಳು ಒಂದಿಂಚಿಗೆ ಇಳಿಯುತ್ತಾನೆ. ಇಂಗ್ಲೆಂಡಿನ ಫ್ರಾಗ್ ಕಂಪನಿ 1936ರಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್‌ಗಳನ್ನು ಇದೇ ಅಳತೆಯಲ್ಲಿ ಮಾರಾಟಕ್ಕೆ ತಂದಿತು. 1942ರಲ್ಲಿ ಅಮೆರಿಕದ ಶಾಲಾ ಮಕ್ಕಳು ನೌಕಾಪಡೆಗಾಗಿ ಮರದಲ್ಲಿ ಕೆತ್ತಿಕೊಟ್ಟ ವಿಮಾನಗಳದ್ದೂ ಇದೇ ಅಳತೆ. ಆಕಾಶದಲ್ಲಿ ಕಂಡದ್ದು ನಮ್ಮದೋ ಶತ್ರುವಿನದೋ ಎಂದು ಸೈನಿಕರು ಅವುಗಳನ್ನು ನೋಡಿ ಕಲಿಯುತ್ತಿದ್ದರು. ಪ್ರಯಾಣಿಕರ ವಿಮಾನಕ್ಕೆ ಮಾತ್ರ 72 ಒಗ್ಗುವುದಿಲ್ಲ. ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ದಿನವೂ ಇಳಿಯುವ ಬೋಯಿಂಗ್ 737-800ರ ರೆಕ್ಕೆ ಆ ಲೆಕ್ಕದಲ್ಲಿ ಅರ್ಧ ಮೀಟರ್ ಆಗುತ್ತದೆ, ಇಡಲು ಜಾಗವಿರುವುದಿಲ್ಲ. ಹಾಗಾಗಿ ಅದಕ್ಕೆ 144ರ ಪ್ರಮಾಣ.

ತನ್ನ ಖುಷಿಗೆ ಮಾಡುವವನು ಯಾವ ವಿಮಾನವನ್ನಾದರೂ ಮಾಡಬಹುದು. ಮನೆಯ ಹಿರಿಯರಿಗೆ ಉಡುಗೊರೆ ಕೊಡಲು ಹೊರಟಾಗ ಆಯ್ಕೆ ನಮ್ಮ ಕೈಯಲ್ಲಿ ಇರುವುದಿಲ್ಲ. ಅವರು ಕೂತು ಹೋದ, ಕೈಯಿಟ್ಟು ಕೆಲಸ ಮಾಡಿದ ವಿಮಾನವೇ ಆಗಬೇಕು. ಅದೇ ಬಣ್ಣ, ಅದೇ ನಂಬರು. ಇದರಲ್ಲಿ ರಾಜಿ ಮಾಡಿಕೊಂಡರೆ ಅಂಗಡಿಯ ಆಟಿಕೆಯನ್ನೇ ತಂದುಕೊಡಬಹುದಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಬೆಳ್ಳೂರಿನಂಥ ಅಡಿಕೆ ತೋಟದ ಊರಿಗೂ ವಿಮಾನಕ್ಕೂ ಏನು ನಂಟು ಎಂದು ಕೇಳುವವರಿದ್ದಾರೆ. ಕಾಸರಗೋಡಿನ ಈ ಕಡೆಯ ಜನಕ್ಕೆ ಮೊದಲಿನಿಂದಲೂ ಹತ್ತಿರದ ವಿಮಾನ ನಿಲ್ದಾಣ ಮಂಗಳೂರಿನ ಬಜ್ಪೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಅದರ ಉದ್ಘಾಟನೆಯಾಯಿತು. ಗಲ್ಫಿಗೆ ಹೋದವರು ಮುಂದೆ ಅಲ್ಲಿಂದಲೇ ಹಾರಿದರು. ಅದಕ್ಕೂ ಮುಂಚಿನ ತಲೆಮಾರಿನ ಕೆಲವರು ಬಸ್ಸು ಹತ್ತಿ ಬೆಂಗಳೂರಿನ ಕಾರ್ಖಾನೆಗಳನ್ನು ಸೇರಿದರು. ನನ್ನ ಸೋದರಮಾವ ಆ ಸಾಲಿನವರು. ಎಚ್‌ಎಎಲ್‌ನಲ್ಲಿ ಮರುತ್‌ನ ರೆಕ್ಕೆಗೆ ರಿವೆಟ್ ಹೊಡೆಯುತ್ತಿದ್ದರು, ಈಗ ತೋಟ ನೋಡಿಕೊಂಡು ಊರಲ್ಲಿದ್ದಾರೆ.

ಮರುತ್ ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ. ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ವಿನ್ಯಾಸ ತಂಡದ ಮುಖ್ಯಸ್ಥರು. ಜೆಟ್ ಎಂಜಿನ್ ಕೂರಿಸುವ ಮೊದಲು ಅದೇ ಅಳತೆಯ ಗ್ಲೈಡರನ್ನು ಮರದಲ್ಲಿ ಕಟ್ಟಿ, 1959ರಲ್ಲಿ ಡಕೋಟಾಕ್ಕೆ ಕಟ್ಟಿ ಎಳೆಸಿ ಹಾರಿಸಿ ನೋಡಿದರು. ಮರದ ಮಾದರಿ ಕೆತ್ತಲು ಕೂತವನಿಗೆ ಇದಕ್ಕಿಂತ ಧೈರ್ಯ ಕೊಡುವ ಸಂಗತಿ ಬೇರೆ ಬೇಕಿಲ್ಲ. 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಮರುತ್ ಹಾರಿಸಿದರು. 1970ರ ಜನವರಿಯಲ್ಲಿ ಮರುತ್‌ನದೇ ಪರೀಕ್ಷಾ ಹಾರಾಟದಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟು ಮಂದಿ ಆ ಹೆಸರಿನ ಹಿಂದಿನ ಪ್ರಾಣವನ್ನು ನೆನೆಯುತ್ತಾರೋ! ಒಟ್ಟು 147 ಮರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು.

ಮಿಗ್-21, ಸ್ಪಿಟ್‌ಫೈರ್‌ಗಳ ಪ್ಲಾಸ್ಟಿಕ್ ಕಿಟ್ ಸುಲಭವಾಗಿ ಸಿಗುತ್ತದೆ. ಮರುತ್ ಅಷ್ಟು ಸುಲಭವಲ್ಲ, ಮರದಲ್ಲಿ ಮಾಡುವುದೇ ನೇರ ದಾರಿ. ಹವ್ಯಾಸಿಗಳು ಬಾಲ್ಸಾ ಮರ ತರಿಸುತ್ತಾರೆ. ನಮ್ಮಲ್ಲಿ ಪಾಲೆ ಮರವಿದೆ. ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುತ್ತೇವಲ್ಲ, ಅದೇ. ಹಗುರ, ಉಳಿಗೆ ಮೆತ್ತಗೆ ಒಗ್ಗುತ್ತದೆ, ಚೆನ್ನಾಗಿ ಒಣಗಿಸಿರಬೇಕು ಅಷ್ಟೆ. ಒಂದೇ ದಿಮ್ಮಿಯನ್ನು ಕೆತ್ತಬಾರದು. ಎರಡು ಪಟ್ಟಿಗಳ ನಡುವೆ ಕಾಗದವಿಟ್ಟು ಅಂಟಿಸಿಕೊಂಡರೆ ಎಷ್ಟು ಉಜ್ಜಿದರೂ ವಿಮಾನದ ನಡುಗೆರೆ ಕಣ್ಣಿಗೆ ಸಿಗುತ್ತಿರುತ್ತದೆ. ಮೇಲಿನಿಂದ ಕಾಣುವ ನಕ್ಷೆಯನ್ನು ಒಂದು ಮುಖಕ್ಕೆ, ಪಕ್ಕದಿಂದ ಕಾಣುವುದನ್ನು ಇನ್ನೊಂದಕ್ಕೆ ಅಂಟಿಸಿ ಗರಗಸದಲ್ಲಿ ಕತ್ತರಿಸಬೇಕು. ಬಳಿಕ ರಟ್ಟಿನ ಅಚ್ಚುಗಳನ್ನು ಹಿಡಿದು ನೋಡುತ್ತ ದುಂಡಗೆ ಮಾಡುವುದು. ಮರುತ್‌ನ ಸೊಬಗೆಲ್ಲ ಇರುವುದು ರೆಕ್ಕೆ ಸೇರುವಲ್ಲಿ ಸಪೂರವಾಗುವ ಸೊಂಟದಲ್ಲಿ, ಬಾಲದ ಕೆಳಗೆ ಅಕ್ಕಪಕ್ಕ ಕೂತ ಎರಡು ಎಂಜಿನ್‌ಗಳ ಬಾಯಲ್ಲಿ. ಇವೆರಡು ಕೂಡಿಬಂದರೆ ಬಲ್ಲವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ನಮ್ಮ ಜಿಲ್ಲೆಗೆ ಈ ಕಣ್ಣು ಹೊಸತಲ್ಲ. ಕಾಸರಗೋಡಿನಲ್ಲಿ ಕೆ.ವಿ. ರಮೇಶ್ ಅವರ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದವರು ತೆಂಕುತಿಟ್ಟಿನ ವೇಷವನ್ನು ಕಿರೀಟ, ಭುಜಕೀರ್ತಿ ಸಮೇತ ಬೊಂಬೆಯ ಅಳತೆಗೆ ಇಳಿಸುವುದನ್ನು ನೋಡಿದವರಿಗೆ, ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ವಿವೇಕ ಗೊತ್ತಿರುತ್ತದೆ.

ಬಿಡಬೇಕಾದ್ದರಲ್ಲಿ ಮೊದಲನೆಯದು ರಿವೆಟ್. ನಾಲ್ಕು ಮಿಲಿಮೀಟರಿನ ರಿವೆಟ್ ತಲೆ 72ರ ಪ್ರಮಾಣದಲ್ಲಿ 0.06 ಮಿಲಿಮೀಟರಿನಷ್ಟಾಗುತ್ತದೆ, ಬರಿಗಣ್ಣಿಗೆ ಕಾಣುವಂತಿಲ್ಲ. ಆದರೂ ಹಳೆಯ ಕಿಟ್‌ಗಳಲ್ಲಿ ಗುಳ್ಳೆಗಳ ಹಾಗೆ ರಿವೆಟ್ ಎಬ್ಬಿಸಿರುತ್ತಾರೆ. ಈ ವಿಷಯವನ್ನು ಮಾವನಲ್ಲೇ ಕೇಳಿದ್ದೆ. “ಕೈಗೆ ತಾಗಬಾರದು ಮಾರಾಯ, ತಾಗಿದರೆ ಇನ್‌ಸ್ಪೆಕ್ಟರು ಪಾಸೇ ಮಾಡುತ್ತಿರಲಿಲ್ಲ” ಎಂದರು. ಅಲ್ಲಿಂದ ಮಾತು ಶುರುವಾಯಿತು. ಶಿಫ್ಟಿನ ಸೈರನ್ನು, ಒಳಗೆ ಕೂತು ರಿವೆಟ್ಟಿಗೆ ಆನಿಕೆ ಕೊಡುವವನಿಗೂ ಹೊರಗೆ ಗನ್ ಹಿಡಿದವನಿಗೂ ನಡುವೆ ಇದ್ದ ತಟ್ಟುವ ಸಂಜ್ಞೆ, ಎಲ್ಲವನ್ನೂ ಹೇಳಿದರು. ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡರೂ ನಾವು ಯಾರೂ ಅದನ್ನು ಕೇಳಿರಲಿಲ್ಲ. ಮಾದರಿ ಮಾಡದಿದ್ದರೆ ಕೇಳುತ್ತಲೂ ಇರಲಿಲ್ಲ.

ಬಣ್ಣದ ಕೆಲಸ ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಗಾಳಿಯ ತೇವಕ್ಕೆ ಲ್ಯಾಕರ್ ಬಿಳಿಚಿಕೊಳ್ಳುತ್ತದೆ, ಮರ ಉಬ್ಬುತ್ತದೆ. ದೀಪಾವಳಿ ಕಳೆದ ಮೇಲೆ ಒಣ ಹವೆಯಲ್ಲಿ ತೆಳ್ಳಗೆ ಹಲವು ಕೋಟು ಕೊಡುವುದು ಒಳ್ಳೆಯದು. ಅಸಲಿ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಬೇಕು, ಇಲ್ಲವಾದರೆ ಸಣ್ಣ ವಸ್ತುವಿನ ಮೇಲೆ ಅದು ಕಪ್ಪಾಗಿ ಕಾಣುತ್ತದೆ. ವಾಯುಪಡೆಯ ಚಕ್ರದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅವಸರದಲ್ಲಿ ತಿರುವುಮುರುವು ಮಾಡಿದವರನ್ನು ಕಂಡಿದ್ದೇನೆ. ಅನುಮಾನ ಬಂದರೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಮ್ಮಿಗೋ ಕಬ್ಬನ್ ಪಾರ್ಕಿನ ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೋ ಹೋಗಬೇಕು. ಎರಡೂ ಕಡೆ ಮರುತ್ ನಿಂತಿದೆ, ಸುತ್ತು ಬಂದು ಫೋಟೋ ತೆಗೆದುಕೊಳ್ಳಬಹುದು.

ಈಗ ಮನೆಯ ಮಕ್ಕಳು ತೇಜಸ್ ಕೇಳುತ್ತಿದ್ದಾರೆ. 2001ರ ಜನವರಿ 4ರಂದು ಮೊದಲು ಹಾರಿದ ಅದಕ್ಕೆ ಬಾಲದ ಅಡ್ಡರೆಕ್ಕೆ ಇಲ್ಲ, ಉದ್ದ 13.2 ಮೀಟರ್. 72ರಲ್ಲಿ ಹದಿನೆಂಟು ಸೆಂಟಿಮೀಟರ್ ಚಿಲ್ಲರೆ. ಪಾಲೆ ಮರದ ಎರಡು ಪಟ್ಟಿ ಅಟ್ಟದಲ್ಲಿ ಒಣಗುತ್ತಿವೆ, ರಟ್ಟಿನ ಅಚ್ಚು ಕತ್ತರಿಸುವ ಕೆಲಸ ಈ ಸಲ ಮಾವನದು.