ತಿತ್ತಿ: ಅಂಗರಚನೆ ಮತ್ತು ಶ್ರುತಿನಿರ್ವಹಣೆ

ಜನಪದ ವಾದ್ಯಗಳನ್ನು ಕುರಿತ ಬರಹಗಳಲ್ಲಿ ‘ತಿತ್ತಿ’ಯ ಹೆಸರು ಸಾಮಾನ್ಯವಾಗಿ ಸುಷಿರವಾದ್ಯಗಳ ಸಾಲಿನ ಕೊನೆಯಲ್ಲಿ ಬರುತ್ತದೆ. ‘ಆಡಿನ ಚರ್ಮದ ಶ್ರುತಿವಾದ್ಯ’ ಎಂಬಷ್ಟಕ್ಕೇ ವಿವರಣೆ ಮುಗಿಯುವುದುಂಟು. ಪಾಶ್ಚಾತ್ಯ ಬ್ಯಾಗ್‌ಪೈಪ್‌ನೊಡನೆ ಹೋಲಿಸುವವರು, ಇದರಲ್ಲಿ ಸ್ವರ ನುಡಿಸುವ ಕೊಳವೆಯಿಲ್ಲವೆಂದು ಇದನ್ನು ಅಪೂರ್ಣ ರೂಪವೆಂದು ಭಾವಿಸುವುದೂ ಉಂಟು. ತಿತ್ತಿಯ ಅಂಗಗಳು ಒಂದರೊಡನೊಂದು ಹೇಗೆ ದುಡಿಯುತ್ತವೆ ಎಂಬುದನ್ನು ಪರಿಶೀಲಿಸಿದಲ್ಲಿ ಈ ಭಾವನೆ ನಿಲ್ಲುವುದಿಲ್ಲ.

ತಿತ್ತಿ ಎಂದರೆ ಮೂಲತಃ ತೊಗಲಿನ ಚೀಲ. ಕಮ್ಮಾರನ ಕುಲುಮೆಗೆ ಗಾಳಿಯೂದುವ ‘ತಿದಿ’ಯೂ ಇದೇ ಪದಕುಟುಂಬಕ್ಕೆ ಸೇರಿದುದು. ತೆಲುಗಿನಲ್ಲಿಯೂ ವಾದ್ಯದ ಹೆಸರು ತಿತ್ತಿಯೇ. ಕನ್ನಡ, ತೆಲುಗುಗಳೆರಡೂ ಮನೆಮಾತಾಗಿರುವ ಹೊಸಕೋಟೆ, ಮಾಲೂರು, ಕೋಲಾರದ ಸೀಮೆಯಲ್ಲಿ ನಿಂತು ನೋಡುವವರಿಗೆ, ಭಾಷೆಯ ಗಡಿಯನ್ನು ಹಿಡಿದು ವಾದ್ಯದ ಒಡೆತನವನ್ನು ನಿರ್ಣಯಿಸುವುದು ವ್ಯರ್ಥವೆಂದು ತೋರದಿರದು.

ದಕ್ಷಿಣ ಭಾರತದ ವಾದ್ಯಗಳನ್ನು ಕುರಿತು 1891ರಲ್ಲಿ ಗ್ರಂಥ ಪ್ರಕಟಿಸಿದ ಕ್ಯಾಪ್ಟನ್ ಸಿ. ಆರ್. ಡೇ ಈ ವಾದ್ಯವನ್ನು ‘ಶ್ರುತಿ ಉಪಾಂಗ’ವೆಂದು ಹೆಸರಿಸಿ ಚಿತ್ರಸಹಿತ ವಿವರಿಸಿದ್ದಾರೆ. ಇದರ ಅಂಗಗಳು ಮೂರು: ಆಡಿನ ಎಳೆಮರಿಯ ತೊಗಲಿನ ಚೀಲ, ಊದುಗೊಳವೆ, ಜೀವಾಳಿಯನ್ನು ಒಳಗೊಂಡ ನಾದಗೊಳವೆ. ಚೀಲದ ಬಾಯಿಗಳಿಗೆ ಕೊಳವೆಗಳನ್ನು ಗಾಳಿ ಸೋರದಂತೆ ಬಿಗಿದು ಕಟ್ಟಲಾಗುತ್ತದೆ.

ಇವುಗಳಲ್ಲಿ ಚೀಲದ ಕೆಲಸವನ್ನು ಮೊದಲು ಅರಿಯಬೇಕು. ಬಾಯಿಂದ ನೇರವಾಗಿ ಊದುವ ವಾದ್ಯದಲ್ಲಿ ಉಸಿರು ನಿಂತರೆ ನಾದವೂ ನಿಲ್ಲುತ್ತದೆ. ಚೀಲವು ಉಸಿರಿಗೂ ನಾದಕ್ಕೂ ಇರುವ ಈ ನಂಟನ್ನು ಬಿಡಿಸುತ್ತದೆ. ವಾದಕನು ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ಚೀಲವನ್ನು ಒತ್ತಿ ಹಿಡಿಯುತ್ತಾನೆ. ಸಂಗ್ರಹಗೊಂಡ ಗಾಳಿ ಜೀವಾಳಿಯ ಕಡೆಗೆ ಹರಿಯುತ್ತಲೇ ಇರುತ್ತದೆ. ಮತ್ತೆ ಊದತೊಡಗಿದಾಗ ಒತ್ತುವ ಬಲವನ್ನು ಅಷ್ಟೇ ಪ್ರಮಾಣದಲ್ಲಿ ಸಡಿಲಿಸಬೇಕು. ಒತ್ತಡ ಏರಿಳಿದರೆ ಜೀವಾಳಿಯ ಕಂಪನವೂ ವ್ಯತ್ಯಾಸಗೊಂಡು ಶ್ರುತಿ ತೂಗಾಡುತ್ತದೆ. ಆದ್ದರಿಂದ ‘ಸುಮ್ಮನೆ ಒಂದೇ ಸ್ವರ ಊದುವವನು’ ಎಂಬ ಲಘುವಾದ ಮಾತು ತಿತ್ತಿಯವನಿಗೆ ಸಲ್ಲದು. ಊದುಗೊಳವೆಯ ಮೂಲಕ ಗಾಳಿ ಹಿಂದಿರುಗದಂತೆ ತಡೆಯುವುದೂ ಅಗತ್ಯ. ಸ್ಕಾಟ್ಲೆಂಡಿನ ವಾದ್ಯದಲ್ಲಿ ಇದಕ್ಕೊಂದು ಕವಾಟವಿರುತ್ತದೆ. ಕವಾಟವಿಲ್ಲದ ಕಡೆ ವಾದಕನ ನಾಲಗೆಯ ತುದಿಯೇ ಕವಾಟ.

ಜೀವಾಳಿಯು ಹೆಸರಿಗೆ ತಕ್ಕಂತೆ ವಾದ್ಯದ ಜೀವ. ನಾಗಸ್ವರ ಮತ್ತು ಮುಖವೀಣೆಗಳಲ್ಲಿ ಎರಡು ಪದರಗಳು ಪರಸ್ಪರ ಬಡಿಯುವ ಜೀವಾಳಿಯಿದ್ದರೆ, ಶ್ರುತಿಗೊಳವೆಗಳಲ್ಲಿ ಸಾಮಾನ್ಯವಾಗಿ ಒಂದೇ ನಾಲಗೆ. ಸಣ್ಣ ಬಿದಿರಿನ ಅಥವಾ ಲಾಳದ ಕಡ್ಡಿಯ ಮೈಯಲ್ಲಿಯೇ ನಾಲಗೆಯೊಂದನ್ನು ಸೀಳಿರುತ್ತಾರೆ. ಹಾವಾಡಿಗರ ಪುಂಗಿಯಲ್ಲಿರುವುದೂ ಇಂತಹುದೇ. ನಾಲಗೆಯ ಬುಡಕ್ಕೆ ಸುತ್ತಿದ ದಾರವನ್ನು ಮುಂದಕ್ಕೆ ಸರಿಸಿದರೆ ಕಂಪಿಸುವ ಭಾಗ ಕಿರಿದಾಗಿ ಶ್ರುತಿ ಏರುತ್ತದೆ. ತುದಿಗೆ ತುಸು ಮೇಣ ಮೆತ್ತಿದರೆ ಇಳಿಯುತ್ತದೆ. ನಾದಗೊಳವೆಯ ರಂಧ್ರಗಳನ್ನು ಮೇಣದಿಂದ ಪೂರ್ತಿಯಾಗಿ ಅಥವಾ ಅರೆಯಾಗಿ ಮುಚ್ಚಿ, ಜೊತೆಯ ವಾದ್ಯಕ್ಕೆ ಹೊಂದಿಸುವ ಕ್ರಮವೂ ಉಂಟು.

ಇನ್ನು ‘ಇಲ್ಲದ’ ಕೊಳವೆಯ ವಿಚಾರ. ಸ್ಕಾಟ್ಲೆಂಡಿನ ವಾದ್ಯದಲ್ಲಿ ಒಂದೇ ಚೀಲವು ಮೂರು ಶ್ರುತಿಗೊಳವೆಗಳಿಗೂ ಒಂಬತ್ತು ಸ್ವರಗಳ ಒಂದು ರಾಗಗೊಳವೆಗೂ ಗಾಳಿಯುಣಿಸುತ್ತದೆ. ಗಾಳಿ ಎಡೆಬಿಡದೆ ಹರಿಯುವುದರಿಂದ ರಾಗಗೊಳವೆಗೆ ಮೌನವೆಂಬುದಿಲ್ಲ. ಒಂದೇ ಸ್ವರವನ್ನು ಎರಡು ಬಾರಿ ಕೇಳಿಸಬೇಕಾದರೆ ನಡುವೆ ಬೇರೊಂದು ಸ್ವರವನ್ನು ಚಿಮ್ಮಿಸಿ ಬಿಡಿಸಬೇಕಾಗುತ್ತದೆ. ಮುಖವೀಣೆ ಪ್ರಧಾನವಾದ ಮೂಡಲಪಾಯ ಯಕ್ಷಗಾನದ ಹಿಮ್ಮೇಳಕ್ಕೆ ಇದು ಒಗ್ಗದ ವ್ಯವಸ್ಥೆ. ಜೀ. ಶಂ. ಪರಮಶಿವಯ್ಯನವರು ಶೋಧಿಸಿ ವಿದ್ವಲ್ಲೋಕದ ಗಮನಕ್ಕೆ ತಂದ ಈ ಪ್ರಕಾರದಲ್ಲಿ ಭಾಗವತನ ಪದ ನಿಲ್ಲುತ್ತದೆ, ಮಾತು ಬರುತ್ತದೆ, ಮತ್ತೆ ಪದ ಏಳುತ್ತದೆ. ಮುಖವೀಣೆಯವನು ಪದವನ್ನು ಹಿಂಬಾಲಿಸಬೇಕು, ಬೇಕೆಂದಲ್ಲಿ ತಡೆಯಬೇಕು, ನಾಲಗೆಯಿಂದ ಸ್ವರವನ್ನು ತುಂಡರಿಸಬೇಕು. ಶ್ರುತಿಯಾದರೋ ಕಡಿಯಬಾರದು. ವಿರುದ್ಧ ಸ್ವಭಾವದ ಈ ಎರಡು ಕೆಲಸಗಳನ್ನು ಇಬ್ಬರಿಗೆ ಹಂಚುವುದೇ ಇಂತಹ ಹಿಮ್ಮೇಳಕ್ಕೆ ತಕ್ಕ ಏರ್ಪಾಡು. ಓಲಗದಲ್ಲಿಯೂ ನಾಗಸ್ವರ ಮತ್ತು ಒತ್ತು ಬೇರೆ ಬೇರೆ ಕೈಗಳಲ್ಲಿರುವುದನ್ನು ಇಲ್ಲಿ ಸ್ಮರಿಸಬಹುದು. ಒತ್ತು ಊದುವವನಿಗೆ ಚೀಲವಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಅದನ್ನು ಹೊರದೂಡುತ್ತಲೇ ಮೂಗಿನಿಂದ ಉಸಿರೆಳೆಯುತ್ತಾನೆ. ಅವನ ಕೆನ್ನೆಯೇ ತಿತ್ತಿ.

ಹೀಗೆ ನೋಡಿದಾಗ ತಿತ್ತಿಯಲ್ಲಿ ರಾಗಗೊಳವೆ ಇಲ್ಲದಿರುವುದು ಕೊರತೆಯಲ್ಲ, ಮೇಳದೊಳಗಿನ ಕೆಲಸಹಂಚಿಕೆ. ವಾದ್ಯವನ್ನು ಮೇಳದಿಂದ ಬಿಡಿಸಿ ಪ್ರತ್ಯೇಕವಾಗಿ ವರ್ಗೀಕರಿಸುವ ವಿಧಾನವೇ ಈ ತಪ್ಪುಗ್ರಹಿಕೆಗೆ ಕಾರಣವೆಂದು ನನ್ನ ಅಭಿಪ್ರಾಯ.

ಬಯಲಾಟಗಳಿಗೆ ಹಾರ್ಮೋನಿಯಂ ಬಂದ ಮೇಲೆ ಶ್ರುತಿಯ ಹೊಣೆ ಅದಕ್ಕೆ ಸಂದಿತು. ಕರಾವಳಿಯ ಯಕ್ಷಗಾನದಲ್ಲಿ ಪುಂಗಿಗೂ ಇದೇ ಗತಿಯಾಯಿತು. ಆದರೆ ಹಾರ್ಮೋನಿಯಂನ ಒಳಗೆ ಇರುವುದೂ ತಿದಿ, ಗಾಳಿಯ ಕೋಶ, ಕವಾಟ ಮತ್ತು ನಾಲಗೆಗಳೇ; ತೊಗಲಿನ ಚೀಲವು ಮಡಿಕೆಯ ತಿದಿಯಾಗಿ, ಬಿದಿರಿನ ನಾಲಗೆ ಲೋಹದ್ದಾಗಿ ಬದಲಾಗಿವೆ. ಬಾಯಿಯ ಕೆಲಸವನ್ನು ಎಡಗೈ ವಹಿಸಿಕೊಂಡಿದೆ. ವಿದ್ಯುನ್ಮಾನ ಶ್ರುತಿಪೆಟ್ಟಿಗೆಯಲ್ಲಿ ಮಾತ್ರ ಗಾಳಿಯೇ ಇಲ್ಲವಾಯಿತು.

ತಿತ್ತಿಯನ್ನು ಸಂಗ್ರಹಿಸುವಾಗ ದೊಡ್ಡ ಅಂಗವಾದ ಚೀಲಕ್ಕೆ ದೊರೆಯುವ ಗಮನ ಬೆರಳುದ್ದದ ಜೀವಾಳಿಗೆ ದೊರೆಯದಿರುವ ಅಪಾಯವಿದೆ. ಒಣಗಿ ಬಿರಿತ ತೊಗಲನ್ನು ಬದಲಿಸಬಹುದು. ಜೀವಾಳಿ ಕಳೆದುಹೋದರೆ ಆ ವಾದ್ಯ ಯಾವ ಶ್ರುತಿಯಲ್ಲಿ ನುಡಿಯುತ್ತಿತ್ತೆಂಬುದೇ ಅಳಿಸಿಹೋಗುತ್ತದೆ. ಕಡ್ಡಿಯ ಉದ್ದ, ಒಳವ್ಯಾಸ, ಸೀಳಿದ ನಾಲಗೆಯ ಅಗಲ ಮತ್ತು ದಪ್ಪ, ದಾರ ಸುತ್ತಿದ ಜಾಗ, ಮೇಣ ಮೆತ್ತಿದ ಗುರುತು ಇಷ್ಟನ್ನು ಅಳೆದು ದಾಖಲಿಸಿಟ್ಟರೆ ಬಿದಿರು ಸಿಗುವ ಯಾವ ಊರಿನಲ್ಲಾದರೂ ಅದನ್ನು ಮತ್ತೆ ಸೀಳಿ ನುಡಿಸಿ ನೋಡಬಹುದು.