ಸಾಲನ್ನು ಎಣಿಸಿದವರು ಯಾರು?

ನೈರೋಬಿಯ ಹೈರಿಡ್ಜ್ ಚುನಾವಣಾ ಲೆಕ್ಕದಲ್ಲಿ ವೆಸ್ಟ್‌ಲ್ಯಾಂಡ್ಸ್ ಕ್ಷೇತ್ರದ ಪಾರ್ಕ್‌ಲ್ಯಾಂಡ್ಸ್–ಹೈರಿಡ್ಜ್ ವಾರ್ಡಿಗೆ ಸೇರುತ್ತದೆ. ಭಾರತೀಯ ಮೂಲದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಪ್ರದೇಶ ಇದು. ಚುನಾವಣೆ ಹತ್ತಿರವಾದರೆ ಸಾಕು, ಅಲ್ಲಿಯೂ ನಮ್ಮ ಕರ್ನಾಟಕದಲ್ಲಿಯೂ ಒಂದೇ ಧಾಟಿಯ ಎರಡು ಮಾತು ಹುಟ್ಟಿಕೊಳ್ಳುತ್ತವೆ. ಅಭ್ಯರ್ಥಿಯನ್ನು ಆರಿಸುವುದು ಪಕ್ಷದವರ ಮನೆಯ ವಿಚಾರ, ನಮಗೇನು ಎನ್ನುವುದು ಒಂದು. ಸಮೀಕ್ಷೆಗಳೆಲ್ಲ ದುಡ್ಡು ಕೊಟ್ಟು ಬರೆಸಿದ್ದು ಎನ್ನುವುದು ಇನ್ನೊಂದು. ಈ ಎರಡು ನಂಬಿಕೆ ಗಟ್ಟಿಯಾದಷ್ಟೂ ವಿರೋಧ ಪಕ್ಷದ ಮೇಲೆ, ಸ್ವತಂತ್ರ ಸಮೀಕ್ಷಕರ ಮೇಲೆ ಒತ್ತಡ ಹೇರುವ ಸರ್ಕಾರದ ಕೆಲಸ ಸಲೀಸಾಗುತ್ತದೆ. ಆದ್ದರಿಂದ ಇವನ್ನು ಬಿಡಿಸಿ ನೋಡಲೇಬೇಕು.

ಮೊದಲನೆಯದು, 'ಪ್ರೈಮರಿ ಪಕ್ಷದ ಖಾಸಗಿ ವಿಚಾರ' ಎಂಬ ಮಾತು. ಪ್ರೈಮರಿ ಎಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ. ಟಿಕೆಟ್, ಬಿ ಫಾರಂ, ಹೈಕಮಾಂಡ್ ಎಂಬ ಪದಗಳಲ್ಲೇ ಬೆಳೆದ ನಮಗೆ ಇದು ಸಹಜವೆನಿಸುತ್ತದೆ. ಕೀನ್ಯಾದ 1988ರ ಕಥೆ ಬೇರೆಯದನ್ನೇ ಹೇಳುತ್ತದೆ. 1982ರಲ್ಲಿ ಸಂವಿಧಾನಕ್ಕೆ 2ಎ ಕಲಂ ಸೇರಿಸಿ ಕಾನು ಪಕ್ಷವೊಂದನ್ನೇ ಕಾನೂನುಬದ್ಧ ಪಕ್ಷವನ್ನಾಗಿ ಮಾಡಲಾಗಿತ್ತು. ಬೇರೆ ಪಕ್ಷವೇ ಇಲ್ಲದ ಮೇಲೆ ಕಾನುವಿನ ಪ್ರೈಮರಿಯೇ ನಿಜವಾದ ಚುನಾವಣೆ. ಅಧ್ಯಕ್ಷ ಡೇನಿಯಲ್ ಅರಾಪ್ ಮೊಯಿ ಅವರ ಆಡಳಿತ ಅಲ್ಲಿ ಗುಪ್ತ ಮತದಾನವನ್ನೇ ತೆಗೆದುಹಾಕಿತು. ಮತದಾರರು ತಮ್ಮ ಅಭ್ಯರ್ಥಿಯ ಅಥವಾ ಆತನ ಏಜೆಂಟನ ಹಿಂದೆ ಬಯಲಿನಲ್ಲಿ ಸಾಲುಗಟ್ಟಿ ನಿಲ್ಲಬೇಕಾಯಿತು. ಜನ ಇದನ್ನು ಇಂದಿಗೂ 'ಮ್ಲೊಲೊಂಗೊ' ಎಂದೇ ಕರೆಯುತ್ತಾರೆ. ಶೇ. 70ಕ್ಕಿಂತ ಹೆಚ್ಚು ಜನ ಹಿಂದೆ ನಿಂತ ಅಭ್ಯರ್ಥಿಗೆ ಮುಂದಿನ ಸಾರ್ವತ್ರಿಕ ಚುನಾವಣೆಯ ಗುಪ್ತ ಮತದಾನದ ಹಂಗೇ ಇರಲಿಲ್ಲ. ಅವಿರೋಧ ಆಯ್ಕೆಯೆಂದು ಘೋಷಿಸಿ ಮುಗಿಸಿಬಿಡುತ್ತಿದ್ದರು.

ಸಾಲು ಎಲ್ಲರ ಕಣ್ಣೆದುರೇ ಇರುವುದರಿಂದ ಮೋಸಕ್ಕೆ ಜಾಗವಿಲ್ಲ ಎಂದು ಆಗ ವಾದಿಸಿದವರಿದ್ದರು, ಈಗಲೂ ಇದ್ದಾರೆ. ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಎಲ್ಲರಿಗೂ ಕಾಣುವ ಆ ಸಾಲು ಮೊದಲು ಕಾಣುವುದು ಚೀಫ್‌ಗೆ, ಜಿಲ್ಲಾಧಿಕಾರಿಗೆ, ಜಮೀನಿನ ಒಡೆಯನಿಗೆ, ಕೆಲಸ ಕೊಟ್ಟವನಿಗೆ. ಯಾರ ಹಿಂದೆ ನಿಂತೆ ಎಂಬುದು ಊರಿಗೆಲ್ಲ ಗೊತ್ತಾಗುವಾಗ ಬಡವನೊಬ್ಬ ಮನಸ್ಸಿಗೆ ಬಂದಲ್ಲಿ ಹೋಗಿ ನಿಂತಾನೆಯೇ? ಎಣಿಸುವವರೂ ಸರ್ಕಾರಿ ಆಡಳಿತದವರೇ. ಗಿಡ್ಡ ಸಾಲಿನ ಅಭ್ಯರ್ಥಿ ಗೆದ್ದ, ಉದ್ದ ಸಾಲಿನವನು ಸೋತ ಎಂಬ ದೂರುಗಳು ದೇಶದ ಉದ್ದಗಲಕ್ಕೂ ಕೇಳಿಬಂದವು. ಚದುರಿಹೋದ ಸಾಲನ್ನು ಮತ್ತೆ ಎಣಿಸುವುದು ಹೇಗೆ? ಪೆಟ್ಟಿಗೆಯಲ್ಲಿ ಚೀಟಿ ಉಳಿಯುತ್ತದೆ, ಬಯಲಿನಲ್ಲಿ ಏನೂ ಉಳಿಯುವುದಿಲ್ಲ. 1986ರಲ್ಲೇ ಕೀನ್ಯಾದ ಚರ್ಚುಗಳ ರಾಷ್ಟ್ರೀಯ ಮಂಡಳಿ ಈ ಪದ್ಧತಿಯನ್ನು ವಿರೋಧಿಸಿತ್ತು. ಪಕ್ಷದ ಶಾಖಾ ಚುನಾವಣೆಯ ಅಕ್ರಮವನ್ನು ಖಂಡಿಸಿ ಕೆನ್ನೆತ್ ಮಟಿಬಾ 1988ರ ಡಿಸೆಂಬರ್‌ನಲ್ಲಿ ಸಚಿವ ಸ್ಥಾನ ಬಿಟ್ಟರು. 1990ರಲ್ಲಿ ಅವರು ಚಾರ್ಲ್ಸ್ ರುಬಿಯಾ ಜೊತೆ ಸೇರಿ ಬಹುಪಕ್ಷ ವ್ಯವಸ್ಥೆ ಬೇಕೆಂದು ಕೇಳಿದರು, ಇಬ್ಬರೂ ಬಂಧನಕ್ಕೊಳಗಾದರು. ಸಾಲಿನ ಪದ್ಧತಿಯನ್ನು ಅದೇ ವರ್ಷ ಕೈಬಿಡಲಾಯಿತು. 2ಎ ಕಲಂ ಹೋದದ್ದು 1991ರ ಡಿಸೆಂಬರ್‌ನಲ್ಲಿ.

ಒತ್ತಡ ಎಂದರೆ ಪೊಲೀಸ್ ದಾಳಿ, ಜೈಲು ಎಂದಷ್ಟೇ ತಿಳಿಯುವುದೂ ತಪ್ಪು. ಹಾಂಗ್‌ಕಾಂಗ್‌ನಲ್ಲಿ ಆದದ್ದು ಅದೇ, ನಿಜ. 2020ರ ಜುಲೈ 11 ಮತ್ತು 12ರಂದು ಪ್ರಜಾಪ್ರಭುತ್ವವಾದಿಗಳು ಪ್ರೈಮರಿ ನಡೆಸಿದರು. ಹಿಂದಿನ ದಿನವೇ ಅದಕ್ಕೆ ನೆರವಾಗಿದ್ದ ಸ್ವತಂತ್ರ ಸಮೀಕ್ಷಾ ಸಂಸ್ಥೆಯ ಕಚೇರಿಗೆ ಪೊಲೀಸರು ನುಗ್ಗಿದ್ದರು. ಆದರೂ 6 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. 2024ರ ನವೆಂಬರ್‌ನಲ್ಲಿ 45 ಮಂದಿಗೆ ಶಿಕ್ಷೆಯಾಯಿತು, ಪ್ರೈಮರಿಯ ರೂವಾರಿ, ಕಾನೂನು ಪ್ರಾಧ್ಯಾಪಕರಾಗಿದ್ದ ಬೆನ್ನಿ ತಾಯ್ ಅವರಿಗೆ 10 ವರ್ಷ. ಒಳಚುನಾವಣೆಯಲ್ಲಿ ಪಾಲ್ಗೊಂಡದ್ದೇ ರಾಷ್ಟ್ರೀಯ ಭದ್ರತೆಯ ವಿರುದ್ಧದ ಸಂಚಾಯಿತು. ಆದರೆ ಇಂಥ ಗದ್ದಲವಿಲ್ಲದೆಯೂ ಕೆಲಸ ನಡೆಯುತ್ತದೆ. 1968ರ ಕೀನ್ಯಾ ಸ್ಥಳೀಯ ಚುನಾವಣೆಯಲ್ಲಿ ಒಗಿಂಗಾ ಒಡಿಂಗಾ ಅವರ ವಿರೋಧ ಪಕ್ಷ ಕೆಪಿಯುವಿನ ಅಭ್ಯರ್ಥಿಗಳ ನಾಮಪತ್ರಗಳು ಸಾರಾಸಗಟಾಗಿ ತಿರಸ್ಕೃತವಾದವು. ಸರಿಯಾಗಿ ಭರ್ತಿ ಮಾಡಿಲ್ಲ ಎಂಬುದು ಕಾರಣ. ಮರುವರ್ಷ ಪಕ್ಷವನ್ನೇ ನಿಷೇಧಿಸಲಾಯಿತು.

ಹೈರಿಡ್ಜ್‌ನ ಮತದಾರರು ಇದರ ಸೌಮ್ಯ ರೂಪವೊಂದನ್ನು 2022ರಲ್ಲಿ ಹತ್ತಿರದಿಂದ ಕಂಡರು. ಅವರ ಸಂಸದ, ಒಡಿಎಂ ಪಕ್ಷದ ಟಿಮೊಥಿ ವಾನ್ಯೋನ್ಯಿ, ನೈರೋಬಿ ಗವರ್ನರ್ ಹುದ್ದೆಗೆ ತಯಾರಿ ನಡೆಸಿದ್ದರು. ಒಡಿಎಂ ಸೇರಿದ್ದ ಅಝಿಮಿಯೋ ಒಕ್ಕೂಟದ ನಾಯಕರು ಜುಬಿಲಿ ಪಕ್ಷದ ಪಾಲಿಕಾರ್ಪ್ ಇಗಾಥೆ ಅವರನ್ನು ಮುಂದಿಟ್ಟರು. ಪ್ರೈಮರಿಯಲ್ಲಿ ಜನ ತೀರ್ಮಾನಿಸುವ ಮೊದಲೇ ವಾನ್ಯೋನ್ಯಿ ಹಿಂದೆ ಸರಿದು ವೆಸ್ಟ್‌ಲ್ಯಾಂಡ್ಸ್‌ಗೇ ಮರಳಿದರು. ಒಕ್ಕೂಟದ ಮುಂಚೂಣಿಯಲ್ಲಿದ್ದವರಲ್ಲಿ ಆಗಿನ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಒಬ್ಬರು. ಗವರ್ನರ್ ಆದದ್ದು ಎದುರು ಪಾಳಯದ ಜಾನ್ಸನ್ ಸಕಾಜ. ಇದನ್ನು ಮೊಯಿ ಕಾಲದ ಬಲಾತ್ಕಾರಕ್ಕೆ ಸಮವೆನ್ನುವುದು ನ್ಯಾಯವಲ್ಲ. ಆದರೂ ಮೇಲಿನವರು ಕೂತು ಹಂಚಿಕೊಂಡಾಗ ಮತದಾರನ ಒಂದು ಆಯ್ಕೆ ಇಲ್ಲವಾಯಿತು ಎಂಬುದು ಸತ್ಯ.

ಇನ್ನು ಸಮೀಕ್ಷೆ. 'ನನ್ನನ್ನಂತೂ ಯಾರೂ ಕೇಳಲಿಲ್ಲ, ಹಾಗಾದರೆ ಇದು ಸುಳ್ಳು' ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. 2022ರಲ್ಲಿ ಕೀನ್ಯಾದ ನೋಂದಾಯಿತ ಮತದಾರರು ಸುಮಾರು 2.2 ಕೋಟಿ. 2,000 ಜನರ ಮಾದರಿಯಲ್ಲಿ ನಿಮ್ಮ ಸರದಿ ಬರುವ ಸಾಧ್ಯತೆ ಹನ್ನೊಂದು ಸಾವಿರಕ್ಕೆ ಒಂದು. ಕೇಳದೇ ಇರುವುದೇ ಸಹಜ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಲ್ಲವೇ, ಪಾತ್ರೆಯನ್ನು ಚೆನ್ನಾಗಿ ಕಲಕಿದ್ದರೆ. ಎಲ್ಲ ಕೌಂಟಿ, ಎಲ್ಲ ವಯಸ್ಸು, ಎಲ್ಲ ವರ್ಗದಿಂದ ಯಾದೃಚ್ಛಿಕವಾಗಿ ಆರಿಸಿದ 2,000 ಜನರಿಂದ ಬರುವ ಅಂಕಿಯಲ್ಲಿ ಶೇ. 2ರ ಆಸುಪಾಸಿನ ಏರುಪೇರು ಇರುತ್ತದೆ, ಅಷ್ಟೇ.

ಆದರೂ ಸಮೀಕ್ಷೆಗಳು ತಪ್ಪುತ್ತವೆ. 2022ರ ಆಗಸ್ಟ್ ಮೊದಲ ವಾರದಲ್ಲಿ, ಅಧ್ಯಕ್ಷ ಚುನಾವಣೆಗೆ ಮುಂಚೆ, ಇನ್ಫೋಟ್ರ್ಯಾಕ್ ಸಂಸ್ಥೆ ರೈಲಾ ಒಡಿಂಗಾ ಅವರಿಗೆ ಶೇ. 49, ವಿಲಿಯಂ ರುಟೊ ಅವರಿಗೆ ಶೇ. 42 ಕೊಟ್ಟಿತ್ತು. ಟಿಫಾ ಸಂಸ್ಥೆಯ ಅಂತರ ಇನ್ನೂ ಕಿರಿದು. ಅಧಿಕೃತ ಫಲಿತಾಂಶದಲ್ಲಿ ರುಟೊಗೆ ಶೇ. 50.49, ಒಡಿಂಗಾಗೆ ಶೇ. 48.85. ತೀರ್ಮಾನಿಸದವರೂ ಹೇಳಲೊಲ್ಲದವರೂ ಇಲ್ಲಿ ನಿರ್ಣಾಯಕ. ಉತ್ತರ ಹೇಳಲು ಹೆದರುವ ದೇಶದಲ್ಲಿ ಒಳ್ಳೆಯ ಸಮೀಕ್ಷಕನೂ ಕುರುಡಾಗುತ್ತಾನೆ. ಸಮೀಕ್ಷೆ ಎಡವಿದ್ದನ್ನೇ ನೆಪವಾಗಿಟ್ಟು ಸಮೀಕ್ಷಕರ ಬಾಯಿ ಮುಚ್ಚಿಸಬೇಕೆನ್ನುವವರು ಇದನ್ನು ಗಮನಿಸುವುದಿಲ್ಲ.

ಅಂಕಿ ಹೊರಬಾರದಿದ್ದಾಗ ಏನಾಗುತ್ತದೆಂಬುದಕ್ಕೂ ಕೀನ್ಯಾದಲ್ಲೇ ಉದಾಹರಣೆಯಿದೆ. 2007ರ ಡಿಸೆಂಬರ್ 27ರಂದು, ಅಧ್ಯಕ್ಷ ಚುನಾವಣೆಯ ದಿನ, ಅಮೆರಿಕದ ಸಂಸ್ಥೆಯೊಂದು ಮತಗಟ್ಟೆ ಸಮೀಕ್ಷೆ ನಡೆಸಿತ್ತು. ಗುಣಮಟ್ಟದ ಬಗ್ಗೆ ಸಂಶಯವಿದೆ ಎಂದು ಅದನ್ನು ತಡೆಹಿಡಿಯಿತು. ಸುಮಾರು 2.3 ಲಕ್ಷ ಮತಗಳ ಅಂತರದಿಂದ ಮ್ವಾಯಿ ಕಿಬಾಕಿ ಗೆದ್ದರೆಂದು ಚುನಾವಣಾ ಆಯೋಗ ಸಾರಿತು. ಆಮೇಲಿನ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಮೀಕ್ಷೆ ಹೊರಬಂದದ್ದು 2008ರ ಆಗಸ್ಟ್‌ನಲ್ಲಿ: ರೈಲಾ ಒಡಿಂಗಾ ಶೇ. 46, ಕಿಬಾಕಿ ಶೇ. 40. ಅದೊಂದೇ ಅಕ್ರಮಕ್ಕೆ ಪುರಾವೆಯಾಗದು. ಆದರೆ ಜನ ಬೇಕೆಂದು ಹಂಬಲಿಸಿದ ವೇಳೆಯಲ್ಲಿ ಅದು ಬೀರುವಿನಲ್ಲಿತ್ತು.

ಸಮೀಕ್ಷೆ ಪ್ರಕಟಿಸುವುದೇ ಕಾನೂನುಬಾಹಿರ ಎಂಬ ಗೊಂದಲ ಎರಡೂ ದೇಶಗಳಲ್ಲಿದೆ. ಭಾರತದಲ್ಲಿ ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಮತಗಟ್ಟೆ ಸಮೀಕ್ಷೆಯನ್ನು ಕೊನೆಯ ಹಂತದ ಮತದಾನ ಮುಗಿಯುವವರೆಗೆ ತಡೆಯುತ್ತದೆ. ಕೀನ್ಯಾದ 2012ರ ಕಾಯ್ದೆ ಮತದಾನಕ್ಕೆ ಮುಂಚಿನ ಐದು ದಿನ ಸಮೀಕ್ಷೆಯ ಪ್ರಕಟಣೆಗೆ ತಡೆ ಹಾಕುತ್ತದೆ. ಉಳಿದಂತೆ ಹಣ ಕೊಟ್ಟವರು ಯಾರು, ಎಷ್ಟು ಜನರನ್ನು ಯಾವಾಗ ಕೇಳಲಾಯಿತು, ಏರುಪೇರು ಎಷ್ಟು ಎಂಬುದನ್ನು ಫಲಿತಾಂಶದ ಜೊತೆಗೇ ಹೇಳಬೇಕೆನ್ನುತ್ತದೆ. 2027ರ ಆಗಸ್ಟ್‌ನಲ್ಲಿ ಕೀನ್ಯಾ ಮತ್ತೆ ಮತ ಹಾಕುವ ಮೊದಲು ಹೈರಿಡ್ಜ್‌ನ ಮನೆಗಳಿಗೆ ಬರುವ ಪ್ರತಿ ಅಂಕಿಯ ಕೆಳಗೂ ಈ ಸಾಲುಗಳಿರಬೇಕು. ಇಲ್ಲದಿದ್ದರೆ ಪ್ರಕಟಿಸಿದವರನ್ನು ಕೇಳುವ ಹಕ್ಕು ಓದುಗರದು.