ಸಾರ್ವಜನಿಕ ಆರೋಗ್ಯಶಾಸ್ತ್ರವೂ ಮನೆಯಲ್ಲಿದ್ದು ಮಾಡುವ ವ್ಯಾಸಂಗವೂ

ಬಂದ ರೋಗಕ್ಕೆ ಔಷಧವನ್ನು ಕೊಡುವುದು ವೈದ್ಯರ ಕೆಲಸ; ರೋಗವು ಊರನ್ನು ಹೊಗದಂತೆ ತಡೆಯುವುದು ಸಾರ್ವಜನಿಕ ಆರೋಗ್ಯಶಾಸ್ತ್ರದ ಕೆಲಸ. ಈ ಎರಡನೆಯದರ ಬೆಲೆಯನ್ನು ಬೆಂಗಳೂರು ನಗರವು ಬಹು ಕಷ್ಟದಿಂದ ಅರಿತುಕೊಂಡಿತು.

೧೮೯೮ನೆಯ ಇಸವಿಯಲ್ಲಿ ಪ್ಲೇಗು ಬೆಂಗಳೂರನ್ನು ಪ್ರವೇಶಿಸಿ, ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಗಾಳಿ ಬೆಳಕುಗಳು ಚೆನ್ನಾಗಿರಬೇಕೆಂದು ಅಗಲವಾದ ರಸ್ತೆಗಳಿಂದಲೂ, ಕಶ್ಮಲವನ್ನು ಸಾಗಿಸುವುದಕ್ಕಾಗಿ ಮನೆಗಳ ಹಿಂದೆ ಬಿಟ್ಟ ಓಣಿಗಳಿಂದಲೂ ಕೂಡಿದ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಆ ಕಾಲದಲ್ಲಿಯೇ ಏರ್ಪಟ್ಟವು. ಗ್ರಾಮಗಳಲ್ಲಾದರೋ, ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸತ್ತ ಇಲಿಯನ್ನು ಬಿಟ್ಟ ಚಿಗಟಗಳು ಮನುಷ್ಯರನ್ನು ಕಚ್ಚಿ ರೋಗವನ್ನು ಹರಡುತ್ತವೆಂಬ ಕಾರಣವು ಆಮೇಲೆ ಸ್ಥಿರಪಟ್ಟಿತು.

ಧಾನ್ಯವಿದ್ದಲ್ಲಿ ಇಲಿಯುಂಟು. ಆದುದರಿಂದ ಕಣಜವನ್ನು ಭದ್ರಪಡಿಸುವುದು ಬೆಳೆಯ ರಕ್ಷಣೆ ಮಾತ್ರವಲ್ಲ, ಮನೆಮಂದಿಯ ರಕ್ಷಣೆಯೂ ಅಹುದು. ಇಲಿಯ ಮೂತ್ರ ಬೆರೆತ ಗದ್ದೆಯ ನೀರು ಕಾಲಿನ ಗಾಯಕ್ಕೆ ಸೋಂಕಿ ಇಲಿಜ್ವರವು ಬರುವುದು ಇಂದಿಗೂ ಉಂಟು.

ಇಂತಹ ವಿಷಯಗಳನ್ನು ಕ್ರಮವಾಗಿ ಕಲಿಯಬೇಕೆಂಬ ಗ್ರಾಮದ ತರುಣರು ಬೆಂಗಳೂರಿನಲ್ಲಿ ಬಾಡಿಗೆಯ ಕೊಠಡಿ ಹಿಡಿಯಲೇಬೇಕೆಂಬ ನಿರ್ಬಂಧವು ಈಗಿಲ್ಲ. ಭಾರತ ಸರ್ಕಾರವು ೨೦೧೭ರಲ್ಲಿ ಆರಂಭಿಸಿದ ‘ಸ್ವಯಂ’ ವ್ಯವಸ್ಥೆಯ ಪಾಠಗಳನ್ನು ಅಂತರ್ಜಾಲದ ಮೂಲಕ ಶುಲ್ಕವಿಲ್ಲದೆ ಕೇಳಬಹುದು. ಪ್ರಮಾಣಪತ್ರವು ಬೇಕಾದವರು ಮಾತ್ರ ಶುಲ್ಕ ತೆತ್ತು ಪರೀಕ್ಷೆಗೆ ಕೂಡಬೇಕು. ೨೦೨೦ರಲ್ಲಿ ಕೊರೋನಾ ಹರಡಿದಾಗ, ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವು ರೋಗಿಯ ಸಂಪರ್ಕಕ್ಕೆ ಬಂದವರನ್ನು ಪತ್ತೆಹಚ್ಚುವ ಕ್ರಮವನ್ನು ಇದೇ ರೀತಿಯಲ್ಲಿ ಉಚಿತವಾಗಿ ಬೋಧಿಸಿತು.

ಮಕ್ಕಳನ್ನು ಈ ವ್ಯಾಸಂಗಕ್ಕೆ ಹಚ್ಚುವವರು ಗಮನಿಸತಕ್ಕ ಸಂಗತಿಗಳು:

೧. ಪದವಿಗೆಂದು ಹಣ ಕಟ್ಟುವ ಮೊದಲು, ಆ ಪದವಿಯನ್ನು ಅಂತರ್ಜಾಲದ ಮೂಲಕ ಕೊಡಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಮಾನ್ಯತೆಯಿದೆಯೇ ಎಂದು ವಿಚಾರಿಸತಕ್ಕದ್ದು. ಜಾಹೀರಾತನ್ನು ನಂಬಿ ಹೊಲ ಮಾರಿ ಶುಲ್ಕ ತೆರಬಾರದು.

೨. ಈ ವ್ಯಾಸಂಗದಿಂದ ಯಾರೂ ವೈದ್ಯರಾಗುವುದಿಲ್ಲ. ಚುಚ್ಚುಮದ್ದು ಹಾಕುವುದಾಗಲಿ, ಔಷಧ ಕೊಡುವುದಾಗಲಿ ಸಲ್ಲದು.

೩. ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿರುವುದರಿಂದ, ಕಲಿತವರು ಅದರ ಸಾರವನ್ನು ಕನ್ನಡದಲ್ಲಿ ಊರಿನವರಿಗೆ ತಿಳಿಸಬೇಕು.

ಕಲಿತ ವಿದ್ಯೆಯು ಪ್ರಮಾಣಪತ್ರದಲ್ಲಿಯೇ ಉಳಿದರೆ ಊರಿಗೆ ಫಲವಿಲ್ಲ. ಕುಡಿಯುವ ನೀರಿನ ಪರೀಕ್ಷೆ, ಚರಂಡಿ, ತಿಪ್ಪೆಗುಂಡಿ, ಜ್ವರ ಬಂದವರ ಲೆಕ್ಕ ಇವುಗಳಲ್ಲಿ ಅಂತಹ ತರುಣತರುಣಿಯರ ಮಾತನ್ನು ಪಂಚಾಯತಿಯಲ್ಲಿ ಕೇಳುವಂತೆ ಮಾಡುವುದು ಗ್ರಾಮಪ್ರಮುಖರ ಕರ್ತವ್ಯ. ಬೆಂಗಳೂರು ಸಾವಿರಾರು ಪ್ರಾಣಗಳನ್ನು ತೆತ್ತು ಕಲಿತ ಪಾಠವನ್ನು ಗ್ರಾಮಗಳು ಮುಂದಾಗಿಯೇ ಕಲಿಯುವುದು ಲೇಸು.